ನೀರಿರುವಲ್ಲಿಗೆ ಹೋಗಿ, ನೀರಿನಿಂದ ದೂರ ಮಲಗಿ: ಟೆಂಟ್ ವಾಸದ ಬಗ್ಗೆ ಓದುಗರ ಪ್ರಶ್ನೆಗಳು

ದೀಪಾವಳಿ ಕಳೆಯುವ ಹೊತ್ತಿಗೆ ಘಟ್ಟದ ಹಳ್ಳಗಳು ತಿಳಿಯಾಗುತ್ತವೆ. ಕಾಡಿನ ಮಗ್ಗುಲಲ್ಲಿ ಒಂದೆರಡು ರಾತ್ರಿ ಕಳೆಯಬೇಕೆನ್ನುವವರ ಪತ್ರಗಳೂ ಆಗಲೇ ಬರತೊಡಗುತ್ತವೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನೀರಿನ ಸುತ್ತಲೇ ಇವೆ: ಒರತೆ, ಅಬ್ಬಿ (ಬೆಟ್ಟದಿಂದ ಮನೆಗೆ ಹರಿದು ಬರುವ ಒರತೆ ನೀರು), ಹೊಳೆ, ಜಡ್ಡಿ (ಜೌಗು ಕಾಡು), ಕಡಲು. ನೀರನ್ನು ಹುಡುಕಿಕೊಂಡು ನಾವು ಹೋಗುವ ಹಾಗೆಯೇ ಪ್ರಾಣಿಗಳೂ ಬರುತ್ತವೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಒಂದು ಮಾತಿನ ಮೇಲೆ ನಿಂತಿವೆ.

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ನಾವು ಆರು ದೊಡ್ಡವರು, ಇಬ್ಬರು ಮಕ್ಕಳು ಸೇರಿ ಎರಡು ರಾತ್ರಿ ಟೆಂಟ್ ಹಾಕಿ ಉಳಿಯಬೇಕೆಂದಿದ್ದೇವೆ. ಬೇಸಿಗೆಯಲ್ಲೂ ಬತ್ತದ ಹಳ್ಳ ಹತ್ತಿರ ಇರಬೇಕು, ಪ್ರಾಣಿ ಪಕ್ಷಿ ಕಾಣಬೇಕು. ಎಲ್ಲಿ ಹಾಕಬಹುದು? ಯಾರನ್ನು ಕೇಳಬೇಕು?
– ಶಾಲಾ ಶಿಕ್ಷಕಿ, ಶಿರಸಿ

ಮೊದಲು ಎಲ್ಲಿ ಹಾಕಬಾರದು ಎನ್ನುವುದನ್ನು ಹೇಳುತ್ತೇವೆ, ಏಕೆಂದರೆ ಹೆಚ್ಚಿನ ಎಡವಟ್ಟು ಆಗುವುದು ಅಲ್ಲೇ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಪರವಾನಗಿ ಇಲ್ಲದೆ ಕಾಲಿಡುವುದನ್ನೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿರ್ಬಂಧಿಸುತ್ತದೆ. ಅಲ್ಲಿ ಬೆಂಕಿ ಹಾಕುವುದು ಪ್ರತ್ಯೇಕ ಅಪರಾಧ. ದಾಂಡೇಲಿ, ಅಣಶಿ ಕಾಡುಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿವೆ. ಸಿದ್ದಾಪುರ, ಹೊನ್ನಾವರ, ಕುಮಟಾ ಕಡೆಯ ಕಾಡಿನಲ್ಲಿ ಕೆಲವು ಭಾಗ 2019ರಿಂದ ಶರಾವತಿ ಸಿಂಗಳೀಕ ಅಭಯಾರಣ್ಯದ ಒಳಗಿದೆ. ಮೀಸಲು ಅರಣ್ಯದಲ್ಲೂ ನಮ್ಮಿಷ್ಟಕ್ಕೆ ರಾತ್ರಿ ತಂಗುವಂತಿಲ್ಲ.

ಇಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯದೇ ಒಂದು ವಿಷಯವಿದೆ. ತೋಟದ ಮನೆಯವರು ಪರಿಚಯದವರಿದ್ದರೆ "ನಮ್ಮ ಬೆಟ್ಟದಲ್ಲೇ ಹಾಕಿಕೊಳ್ಳಿ" ಎನ್ನುತ್ತಾರೆ. ಸೊಪ್ಪಿನ ಬೆಟ್ಟದಲ್ಲಿ ಅಡಿಕೆ ತೋಟದವರಿಗೆ ಇರುವುದು ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರುವಂಥ ಸೌಲಭ್ಯ ಮಾತ್ರ. ಭೂಮಿ ಅರಣ್ಯ ಇಲಾಖೆಯದು. ಹಾಗಾಗಿ ಬೆಟ್ಟದಲ್ಲಿ ಟೆಂಟ್ ಹಾಕಲು ಒಪ್ಪಿಗೆ ಕೊಡುವ ಹಕ್ಕು ಅವರಿಗಿಲ್ಲ, ಗಾರ್ಡ್ ಬಂದರೆ ಮುಜುಗರ ಆಗುವುದು ನಿಮಗಿಂತ ಮನೆಯವರಿಗೆ. ಅವರ ಮಾಲ್ಕಿ ಜಮೀನು, ಅಂದರೆ ಮನೆಯಂಗಳ, ಕೊಯ್ಲಾದ ಗದ್ದೆ, ತೋಟದ ಮೇಲಿನ ಸ್ವಂತ ಜಾಗ ಆಗಬಹುದು. ಆದರೆ ಡಿಸೆಂಬರಿನಲ್ಲಿ ಅಡಿಕೆ ಕೊಯ್ಲು ನಡೆದಿರುತ್ತದೆ. ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ, ಮನೆಮಂದಿಗೆ ಬಿಡುವಿರುವುದಿಲ್ಲ. ಕೇಳುವ ಮುಂಚೆ ಅದನ್ನು ಯೋಚಿಸಿ. ಕೊಯ್ಲಾದ ಗದ್ದೆ ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು: ಸಮತಟ್ಟು, ಬಯಲು, ಮೇಲಿನಿಂದ ಒಣ ರೆಂಬೆ ಬೀಳುವ ಹೆದರಿಕೆ ಇಲ್ಲ. ಗದ್ದೆಯ ನಡುವೆ ಹಾಕಿ, ಕಾಡಿನ ಅಂಚಿಗೆ ಬೇಡ. ಕಾರಣ ಮುಂದೆ ಮಂಗನ ಕಾಯಿಲೆಯ ಪ್ರಶ್ನೆಯಲ್ಲಿ ಬರುತ್ತದೆ.

ಕಾಡಿನೊಳಗೇ ಇರಬೇಕೆಂದಾದರೆ ಸರಕಾರಿ ಶಿಬಿರಗಳೇ ದಾರಿ. ದಾಂಡೇಲಿಯಿಂದ ಒಂದಿಷ್ಟು ದೂರದ ಕುಳಗಿಯಲ್ಲಿ, ಕಾರವಾರದಿಂದ ಜೊಯಿಡಾಕ್ಕೆ ಹೋಗುವ ದಾರಿಯ ಅಣಶಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರಗಳಿವೆ. ದಾಂಡೇಲಿ ಮತ್ತು ಗಣೇಶಗುಡಿಯಲ್ಲಿ ಜಂಗಲ್ ಲಾಡ್ಜಸ್‌ನ ತಂಗುದಾಣಗಳಿವೆ. ಗಣೇಶಗುಡಿಯ ಓಲ್ಡ್ ಮ್ಯಾಗಝಿನ್ ಹೌಸ್ ಹಕ್ಕಿ ನೋಡುವವರಿಗೆ ಹೇಳಿ ಮಾಡಿಸಿದ ಜಾಗ. ಡಿಸೆಂಬರ್ ಕೊನೆಯ ವಾರ ಇಲ್ಲೆಲ್ಲ ನೂಕುನುಗ್ಗಲು. ತಿಂಗಳೆರಡು ತಿಂಗಳು ಮೊದಲೇ ಕಾಯ್ದಿರಿಸಿ. ಆಗದಿದ್ದರೆ, ಕೆಳಗಿನ ಮಂಗನ ಕಾಯಿಲೆಯ ಉತ್ತರವನ್ನು ಓದಿಕೊಂಡು, ಪ್ರವಾಸವನ್ನೇ ಜನವರಿ ಮಧ್ಯದ ವಾರಕ್ಕೆ ಸರಿಸಿ. ಆ ಹೊತ್ತಿಗೆ ನೀರಿನ್ನೂ ಇರುತ್ತದೆ, ಜನ ಕಡಿಮೆಯಾಗಿರುತ್ತಾರೆ, ಗದ್ದಲವಿಲ್ಲದಿದ್ದರೆ ಪ್ರಾಣಿ ಕಾಣುವ ಸಂಭವವೂ ಹೆಚ್ಚು. ಕಾಯ್ದಿರಿಸುವಾಗ ಮೂರು ಸಂಗತಿ ಕೇಳಿಕೊಳ್ಳಿ: ಸ್ವಂತ ಟೆಂಟಿಗೆ ಜಾಗ ಕೊಡುತ್ತಾರೆಯೇ, ಅಥವಾ ಅವರ ಟೆಂಟಿನಲ್ಲೇ ಉಳಿಯಬೇಕೇ, ಸ್ವಂತ ಅಡುಗೆಗೆ ಅವಕಾಶವಿದೆಯೇ, ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ. ಕತ್ತಲಾದ ಮೇಲೆ ಗೇಟಿಗೆ ಬಂದು ನಿಲ್ಲುವ ಕುಟುಂಬಗಳು ಪ್ರತಿ ರಜೆಯಲ್ಲೂ ಇರುತ್ತವೆ. ಘಟ್ಟದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಲೆಕ್ಕ ಹಿಡಿದು ಮಧ್ಯಾಹ್ನ 3ರ ಒಳಗೆ ತಲುಪುವಂತೆ ಹೊರಡಿ. ಟೆಂಟ್ ಹಾಕುವುದಕ್ಕೂ ಸುತ್ತಲಿನ ನೆಲ ನೋಡಿಕೊಳ್ಳುವುದಕ್ಕೂ ಎರಡು ತಾಸು ಬೆಳಕು ಬೇಕೇ ಬೇಕು.

ಚಾರಣವೂ ಸೇರಿದ್ದರೆ ಅದಕ್ಕೆ ಬೇರೆಯೇ ಟಿಕೆಟ್ಟು. ರಾಜ್ಯದ ಚಾರಣ ಹಾದಿಗಳನ್ನು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ.

ಪ್ರಶ್ನೆ: ಅಬ್ಬಿ ನೀರನ್ನು ಹಾಗೇ ಕುಡಿಯಬಹುದೇ? ನಮ್ಮ ಹಿರಿಯರೆಲ್ಲ ಕುಡಿದೇ ಬದುಕಿದವರು. ಎಂಟು ಜನರಿಗೆ ಎಷ್ಟು ನೀರು ಬೇಕು?
– ಗೃಹಿಣಿ, ಕುಮಟಾ

ಹಿರಿಯರು ಕುಡಿದದ್ದು ಅವರಿಗೆ ಗೊತ್ತಿದ್ದ ಒರತೆಯ ನೀರು. ಮೇಲೆ ಏನಿದೆ, ಯಾರ ದನ ಎಲ್ಲಿ ಮಲಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಹೊಸ ಜಾಗದಲ್ಲಿ ನಮಗೆ ಅದು ತಿಳಿದಿರುವುದಿಲ್ಲ. ಬಂಡೆಯ ಸೀಳಿನಿಂದ ನೇರವಾಗಿ ಜಿನುಗುವ ನೀರಿಗೂ, ಅದೇ ನೀರು ನೂರು ಮಾರು ಹರಿದು ಹಳ್ಳವಾದ ಮೇಲಿನದಕ್ಕೂ ಬಹಳ ವ್ಯತ್ಯಾಸವಿದೆ. ಹರಿಯುವ ನೀರಿಗೆ ಕಾಡುಹಂದಿ ಹೊರಳಿದ ಕೆಸರು, ದನದ ಸಗಣಿ, ಇಲಿ ಹೆಗ್ಗಣಗಳ ಮೂತ್ರ ಎಲ್ಲವೂ ಸೇರುತ್ತದೆ. ಇಲಿ ಜ್ವರ ಬರುವುದು ಇಂಥ ನೀರಿನಿಂದಲೇ. ಕಾಲಿನಲ್ಲಿ ಗಾಯವಿದ್ದು ಆ ನೀರಲ್ಲಿ ನಿಂತರೂ ಸಾಕು, ಕುಡಿಯಲೇಬೇಕೆಂದಿಲ್ಲ.

ಹಾಗಾಗಿ ಕುದಿಸಿಯೇ ಕುಡಿಯಿರಿ. ಮೊದಲು ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಅರ್ಧ ತಾಸು ತಳ ಊರಲು ಬಿಡಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಒಲೆಗಿಡಿ. ಗುಳ್ಳೆಗಳು ಪಾತ್ರೆ ತುಂಬ ಉಕ್ಕಿ ಬಂದ ಮೇಲೆ ಒಂದು ನಿಮಿಷ ಕುದಿದರೆ ಸಾಕು. ಕ್ಲೋರಿನ್ ಮಾತ್ರೆ ಬಳಸುವುದಾದರೆ ಪೊಟ್ಟಣದ ಮೇಲೆ ಬರೆದ ಅಳತೆಯನ್ನೇ ಪಾಲಿಸಿ, ಅರ್ಧ ತಾಸು ಕಾಯಿರಿ. ಕದಡಿದ ನೀರಿಗೆ ಮಾತ್ರೆ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿನಲ್ಲೇ ಕಳೆದುಹೋಗುತ್ತದೆ.

ಕುದಿಸಿದರೂ ಹೋಗದ್ದು ಒಂದಿದೆ: ಔಷಧಿ. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ತೋಟಗಳಿಗೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯುತ್ತಾರೆ. ಅಡಿಕೆ ತೋಟದ ಕಾದಿಗೆಯಿಂದ (ಬಸಿಗಾಲುವೆಯಿಂದ) ಬರುವ ನೀರನ್ನು ಯಾವ ಕಾಲದಲ್ಲೂ ಕುಡಿಯಲು ತೆಗೆದುಕೊಳ್ಳಬೇಡಿ. ತೋಟಕ್ಕಿಂತ ಮೇಲೆ, ಬೆಟ್ಟದ ಬುಡದಲ್ಲಿ ನೀರು ಹೊರಡುವ ಜಾಗದಿಂದಲೇ ತನ್ನಿ.

ಇನ್ನು ಲೆಕ್ಕ. ದೊಡ್ಡವರಿಗೆ ದಿನಕ್ಕೆ ಕುಡಿಯಲು 3 ಲೀಟರ್, ಮಕ್ಕಳಿಗೆ 2. ಆರು ದೊಡ್ಡವರು, ಇಬ್ಬರು ಮಕ್ಕಳೆಂದರೆ 22 ಲೀಟರ್. ಅಡುಗೆ, ಪಾತ್ರೆ, ಕೈಕಾಲಿಗೆ ಇನ್ನೊಂದು 25ರಿಂದ 30. ದಿನಕ್ಕೆ ಸುಮಾರು 50 ಲೀಟರ್, ಸ್ನಾನ ಬಿಟ್ಟು. ಕುಡಿಯುವ 22 ಲೀಟರನ್ನೂ ಗ್ಯಾಸಿನಲ್ಲಿ ಕುದಿಸುತ್ತೇವೆಂದು ಹೊರಡುವವರು ಇಂಧನದ ಲೆಕ್ಕ ಮರೆಯುತ್ತಾರೆ: ಬಯಲಿನಲ್ಲಿ ಗಾಳಿಗೆ ಒಂದು ಲೀಟರ್ ಕುದಿಯಲು 15 ಗ್ರಾಂ ಹತ್ತಿರ ಗ್ಯಾಸ್ ಬೇಕು. 22 ಲೀಟರಿಗೆ 330 ಗ್ರಾಂ. 230 ಗ್ರಾಂನ ಚಿಕ್ಕ ಡಬ್ಬಿ ಒಂದೂವರೆ ಬರೀ ನೀರಿಗೇ ಹೋಯಿತು! 20 ಲೀಟರಿನ ಎರಡು ಕ್ಯಾನ್ ಕುಡಿಯುವ ನೀರನ್ನು ಮನೆಯಿಂದಲೇ ಗಾಡಿಯಲ್ಲಿ ತನ್ನಿ, ಎರಡು ದಿನಕ್ಕೆ ಹೆಚ್ಚುಕಡಿಮೆ ಸಾಲುತ್ತದೆ. ಅಲ್ಲಿನ ನೀರು ಅಡುಗೆಗೆ, ತೊಳೆಯಲಿಕ್ಕೆ ಇರಲಿ.

ಮಾರ್ಚ್ ನಂತರ ಹೋಗುವುದಾದರೆ ಒರತೆಯ ಬಲವನ್ನು ಅಳೆಯಿರಿ. ದಂಬೆಯ (ನೀರು ಹರಿದು ಬರುವ ಕೊಳವೆಯ) ಬಾಯಿಗೆ 10 ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತು ಎಂದು ನೋಡಿ. ಎರಡು ನಿಮಿಷವಾದರೆ ತಾಸಿಗೆ 300 ಲೀಟರ್, ಧಾರಾಳ. ಇಪ್ಪತ್ತು ನಿಮಿಷವಾದರೆ ತಾಸಿಗೆ 30 ಲೀಟರ್. ಅಷ್ಟು ಸಣ್ಣ ಒರತೆಯನ್ನು ಎಂಟು ಜನ ಹಗಲಿಡೀ ಮುತ್ತಿಕೊಂಡರೆ ಅದನ್ನೇ ನಂಬಿದ ಪ್ರಾಣಿಗಳಿಗೆ ಆ ದಿನ ನೀರಿಲ್ಲ. ಅಲ್ಲಿಂದ ಬೇರೆ ಕಡೆ ಹೋಗಿ. ನೀರು ಹೆಚ್ಚಲೆಂದು ಒರತೆಯ ಬಾಯಿಯನ್ನು ಗುದ್ದಲಿಯಿಂದ ಅಗಲ ಮಾಡುವುದಂತೂ ಬೇಡವೇ ಬೇಡ. ಜಿನುಗುವ ಪದರ ಕುಸಿದರೆ ಒರತೆ ದಿಕ್ಕು ಬದಲಿಸುತ್ತದೆ, ಕೆಳಗಿನ ಮನೆಗೆ ಹೋಗುವ ಅಬ್ಬಿ ನಿಂತೇಹೋಗಬಹುದು. ಸೋಪು, ಶಾಂಪೂ, ಪಾತ್ರೆ ಪುಡಿ ಯಾವುದನ್ನೂ ನೀರಿನಲ್ಲಿ ಬಳಸಬೇಡಿ. ನೀರನ್ನು ಬಕೆಟ್ಟಿನಲ್ಲಿ ಹೊತ್ತು ನೂರು ಹೆಜ್ಜೆ ಆಚೆ ಒಯ್ದು, ತೊಳೆದ ನೀರನ್ನು ಮಣ್ಣಿಗೆ ಚೆಲ್ಲಿ.

ಪ್ರಶ್ನೆ: ಹೊಳೆಯಂಚಿನಲ್ಲೇ ಟೆಂಟ್ ಹಾಕಿದರೆ ರಾತ್ರಿ ನೀರು ಕುಡಿಯಲು ಬರುವ ಪ್ರಾಣಿ ಕಾಣಬಹುದಲ್ಲವೇ? ಎಷ್ಟು ಅಪಾಯ?
– ಕಾಲೇಜು ವಿದ್ಯಾರ್ಥಿ, ಯಲ್ಲಾಪುರ

ಪ್ರಾಣಿ ಬರುವ ದಾರಿಯಲ್ಲಿ ನೀವು ಮಲಗಿದರೆ ಅದು ಬರುವುದಿಲ್ಲ, ಇಲ್ಲವೇ ಬಂದು ಗಾಬರಿಬೀಳುತ್ತದೆ. ಎರಡರಿಂದಲೂ ನಿಮಗೆ ಲಾಭವಿಲ್ಲ. ನೀರಿನಿಂದ ಕಡಿಮೆಯೆಂದರೆ 100 ಮೀಟರ್ ದೂರ, ಸ್ವಲ್ಪ ಎತ್ತರದಲ್ಲಿ ಹಾಕಿ. ಹಾಕುವ ಮುಂಚೆ ಸುತ್ತ ಒಂದು ಸುತ್ತು ನಡೆದು ನೆಲ ನೋಡಿ. ಕಾಡುಕೋಣದ ಗೊರಸು, ದೊಡ್ಡ ಸಗಣಿ, ಗಿಡಗಳ ನಡುವೆ ಸವೆದು ನುಣುಪಾದ ಕಾಲುದಾರಿ, ಹಂದಿ ಉತ್ತು ಹಾಕಿದ ಮಣ್ಣು, ಕರಡಿ ಕೆದರಿದ ಹುತ್ತ ಕಂಡರೆ ಆ ಜಾಗ ಬಿಡಿ. ಹಣ್ಣು ಬಿಟ್ಟ ಹಲಸು, ಬಸರಿ, ಅತ್ತಿ ಮರದ ಬುಡವೂ ಬೇಡ. ಭತ್ತ ಕೊಯ್ಲಿನ ತಿಂಗಳುಗಳಲ್ಲಿ ಹಳಿಯಾಳ, ಮುಂಡಗೋಡ ಕಡೆ ಆನೆಗಳ ಓಡಾಟ ಇರುತ್ತದೆ. ಆಗ ಅಲ್ಲಿನ ಗದ್ದೆಗಳಲ್ಲಿ ಟೆಂಟ್ ಹಾಕುವ ಯೋಚನೆಯನ್ನೇ ಬಿಡಿ, ಮನೆಯೊಳಗೆ ಮಲಗಿ.

ತಲೆಯ ಮೇಲೂ ನೋಡಿ. ಒಣ ರೆಂಬೆ, ತೆಂಗಿನ ಕಾಯಿ, ಅಡಿಕೆಯ ಸೋಗೆ ಇವೆಲ್ಲ ಗಾಳಿ ಇಲ್ಲದ ರಾತ್ರಿಯೂ ಬೀಳುತ್ತವೆ. ಅದಕ್ಕಿಂತ ಮುಖ್ಯ ಹೆಜ್ಜೇನು. ಎತ್ತರದ ಮರದ ಕೊಂಬೆ, ಬಂಡೆಯ ಚಾಚು, ಸೇತುವೆಯ ಅಡಿ ನೋಡಿಕೊಳ್ಳಿ. ಯಾಣದಂಥ ಬಂಡೆಗಳಲ್ಲಿ ಗೂಡುಗಳು ಸಾಲಾಗಿ ಕಾಣುತ್ತವೆ. ಹೊಗೆ, ಕೂಗಾಟ, ಡ್ರೋನ್ ಯಾವುದಕ್ಕೂ ಅವು ಎದ್ದು ಬರಬಹುದು. ಎದ್ದರೆ ನಿಂತು ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ಓಡಿ, ಗಾಡಿಯ ಒಳಗೆ ಸೇರಿ ಗಾಜು ಏರಿಸಿ. ನೀರಿಗೆ ಹಾರಿದರೆ ಮೇಲೆ ಕಾಯುತ್ತಿರುತ್ತವೆ.

ಹೊಳೆಯಂಚು ಬೇಡ ಎನ್ನಲು ನಮ್ಮ ಜಿಲ್ಲೆಯಲ್ಲಿ ಇನ್ನೆರಡು ಬಲವಾದ ಕಾರಣಗಳಿವೆ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾದಲ್ಲಿ ಅಣೆಕಟ್ಟುಗಳಿವೆ, ಶರಾವತಿಗೆ ಗೇರುಸೊಪ್ಪೆಯಲ್ಲಿದೆ. ವಿದ್ಯುತ್ ಉತ್ಪಾದನೆ ಶುರುವಾದಾಗ ಕೆಳಗಿನ ಹೊಳೆಯಲ್ಲಿ ಮೋಡವೇ ಇಲ್ಲದೆ ನೀರು ಏರುತ್ತದೆ. ಗಣೇಶಗುಡಿಯ ರಾಫ್ಟಿಂಗ್ ನಡೆಯುವುದೂ ಸೂಪಾದಿಂದ ಬಿಟ್ಟ ನೀರಿನ ಮೇಲೆಯೇ. ಬೆಳಿಗ್ಗೆ ಬೆಳ್ಳಗೆ ಒಣಗಿದ್ದ ಬಂಡೆ ಸಂಜೆಗೆ ಮುಳುಗಿರುತ್ತದೆ. ಬಂಡೆಯ ಮೇಲಿನ ಒದ್ದೆ ಗೆರೆ, ಪೊದೆಗಳಿಗೆ ಸಿಕ್ಕಿದ ಕಸಕಡ್ಡಿ ಎಷ್ಟು ಎತ್ತರದಲ್ಲಿದೆ ನೋಡಿ. ನೀರು ಅಲ್ಲಿಯ ತನಕ ಬಂದಿದೆ ಎಂದೇ ಅರ್ಥ. ಎರಡನೆಯ ಕಾರಣ, ದಾಂಡೇಲಿಯ ಸುತ್ತ ಕಾಳಿಯಲ್ಲಿ ಮೊಸಳೆಗಳಿವೆ. ಊರ ಜನ ಇಳಿಯದ ಜಾಗದಲ್ಲಿ ಈಜಲು ಇಳಿಯಬೇಡಿ. ಮುಸ್ಸಂಜೆ, ನಸುಕಿನಲ್ಲಿ ಪಾತ್ರೆ ತೊಳೆಯಲೂ ಕೂರಬೇಡಿ.

ಪ್ರಾಣಿ ನೋಡಲೇಬೇಕೆಂದರೆ ಬೆಳಿಗ್ಗೆ 6ರಿಂದ 8, ಸಂಜೆ 4ರಿಂದ 6. ನೀರು ಕಾಣುವಷ್ಟು ದೂರದಲ್ಲಿ, ಗಾಳಿ ನಿಮ್ಮ ಮುಖಕ್ಕೆ ಬೀಸುವ ಕಡೆ ಕೂತು ದುರ್ಬೀನು ಹಿಡಿಯಿರಿ. ಮಾಸಲು ಹಸಿರು, ಮಣ್ಣಿನ ಬಣ್ಣದ ಬಟ್ಟೆ ಇರಲಿ, ಸೆಂಟು ಬೇಡ. ಕೆಂಜಳಿಲು ಎಂಬ ದೊಡ್ಡ ಅಳಿಲನ್ನು, ಮಂಗಟ್ಟೆ ಹಕ್ಕಿಗಳನ್ನು ಕಣ್ಣಿಗಿಂತ ಮೊದಲು ಕಿವಿ ಪತ್ತೆ ಮಾಡುತ್ತದೆ. ದೊಡ್ಡ ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದು ಉಸಿರು ಬಿಟ್ಟ ಹಾಗೆ ದೂರದಿಂದಲೇ ಕೇಳುತ್ತದೆ.

ಆಹಾರವನ್ನು ಟೆಂಟಿನೊಳಗೆ ಇಡಬೇಡಿ, ಬಿಸ್ಕತ್ತಿನ ಒಂದು ಪೊಟ್ಟಣವನ್ನೂ ಕೂಡ. ಮಂಗ ಹಗಲು ಟೆಂಟನ್ನು ಹರಿದರೆ, ಪುನುಗು ಬೆಕ್ಕು, ಹಂದಿ ರಾತ್ರಿ ಹರಿಯುತ್ತವೆ. ಎಲ್ಲವನ್ನೂ ಮುಚ್ಚಳ ಬಿಗಿಯುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಗಾಡಿಯಲ್ಲಿಡಿ. ಕಸ ವಾಪಸ್ ಮನೆಗೆ.

ಪ್ರಶ್ನೆ: ಮಂಗನ ಕಾಯಿಲೆಯ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಜನವರಿಯಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯಬಹುದೇ?
– ಪೋಷಕರು, ಸಿದ್ದಾಪುರ

ನಿಮ್ಮ ಊರಿಗೆ ಬಂದ ಸುದ್ದಿ ನಿಜವಾದದ್ದೇ, ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗಿನಿಂದ ಹರಡುತ್ತದೆ. ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಉಣುಗಿನ ಮರಿ ಹಂತ. ಎಳ್ಳಿಗಿಂತ ದೊಡ್ಡದಿರುವುದಿಲ್ಲ, ಕಚ್ಚಿದ್ದೇ ತಿಳಿಯುವುದಿಲ್ಲ. ಮಳೆ ನಿಂತು ದರಕು ಒಣಗಿದ ಮೇಲೆ ಇವು ಹೆಚ್ಚಾಗಿ, ಜನವರಿಯಿಂದ ಏಪ್ರಿಲ್ ತನಕ ಕಾಯಿಲೆ ಜೋರಿರುತ್ತದೆ. ಬೆಳೆದ ಉಣುಗು ದನಗಳ ಮೈಮೇಲೆ ರಕ್ತ ಹೀರುವುದರಿಂದ ದನ ಮೇಯುವ ಕಾಡಿನ ಅಂಚು, ದನದ ದಾರಿ ಹೆಚ್ಚು ಅಪಾಯದ ಜಾಗಗಳು. ಟೆಂಟ್ ಗದ್ದೆಯ ನಡುವೆ ಇರಲಿ ಎಂದದ್ದು ಇದಕ್ಕೇ.

ಹೊರಡುವ ವಾರ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಆಶಾ ಕಾರ್ಯಕರ್ತೆಗೆ ಕೇಳಿ: ಈ ವರ್ಷ ಮಂಗ ಸತ್ತಿದೆಯೇ, ಜ್ವರದ ಪ್ರಕರಣ ಇದೆಯೇ? ಹೌದು ಎಂದರೆ ಊರು ಬದಲಿಸಿ, ಚರ್ಚೆಯೇ ಬೇಡ. ಮಕ್ಕಳಿರುವುದರಿಂದ, ಇದುವರೆಗೆ ಕಾಯಿಲೆ ಕಂಡ ಹಳ್ಳಿಗಳನ್ನು ಜನವರಿಯಿಂದ ಏಪ್ರಿಲ್ ಪೂರ್ತಿ ಬಿಟ್ಟುಬಿಡುವುದೇ ಮೇಲು. ನವೆಂಬರ್‌ನಲ್ಲಿ ಹೋಗಿ ಬನ್ನಿ, ಅಥವಾ ಕರಾವಳಿ ಕಡೆ ನೋಡಿ. ಹಲವು ವರ್ಷ ಕೊಡುತ್ತಿದ್ದ ಹಳೆಯ ಲಸಿಕೆ 2022ರಿಂದ ನಿಂತಿದೆ, ಹಾಗಾಗಿ ಕಚ್ಚಿಸಿಕೊಳ್ಳದಿರುವುದೇ ರಕ್ಷಣೆ.

ಅದಕ್ಕೆ ಹೀಗೆ ಮಾಡಿ. ತಿಳಿ ಬಣ್ಣದ ತುಂಬುದೋಳಿನ ಅಂಗಿ, ಉದ್ದ ಪ್ಯಾಂಟು. ಪ್ಯಾಂಟಿನ ತುದಿ ಸಾಕ್ಸಿನ ಒಳಗೆ. ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಬಾಟಲಿಯ ಮೇಲೆ ಹೇಳಿದಷ್ಟು ತಾಸಿಗೊಮ್ಮೆ ಮತ್ತೆ ಹಚ್ಚಿ; ಕಣ್ಣು, ಬಾಯಿಗೆ ತಾಗಿಸಬೇಡಿ. ದರಕಿನ ಮೇಲೆ ಕೂರುವುದು, ಮಲಗುವುದು ಬೇಡ. ಮಡಚುವ ಕುರ್ಚಿ ಇದಕ್ಕೆಂದೇ ಒಯ್ಯಿರಿ. ನಾಯಿಯನ್ನು ಮನೆಯಲ್ಲೇ ಬಿಡಿ. ತಿರುಗಾಡಿ ಬಂದ ಕೂಡಲೇ ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಿ ಬಿಗಿದು, ಮನೆಯಲ್ಲಿ ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಬಿಸಿನೀರಿನ ಸ್ನಾನ ಆಗಬೇಕು. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಕೆಳಗೆ, ಮೊಣಕಾಲಿನ ಹಿಂದೆ, ಮಕ್ಕಳ ತಲೆಗೂದಲಿನ ಒಳಗೆ ಬೆಳಕು ಹಿಡಿದು ನೋಡಿ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಅಂಟಿದ ಬಾಯಿಯ ಬಳಿ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೀಡಿಯಿಂದ ಸುಡುವುದು, ಉಗುರಿನಲ್ಲಿ ಹಿಸುಕುವುದು ಬೇಡ. ಹಿಸುಕಿದರೆ ಅದರೊಳಗಿದ್ದದ್ದು ಗಾಯಕ್ಕೇ ಸೇರುತ್ತದೆ.

ಕಚ್ಚಿದ 3ರಿಂದ 8 ದಿನದಲ್ಲಿ ಹಠಾತ್ ಜ್ವರ, ತಲೆ ಸಿಡಿಯುವ ನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ, "ಕಾಡಿಗೆ ಹೋಗಿದ್ದೆವು, ಇಂಥ ದಿನ, ಇಂಥ ಊರು" ಎಂದು ನೀವಾಗಿಯೇ ಹೇಳಿ. ವೈದ್ಯರು ಕೇಳಲೆಂದು ಕಾಯಬೇಡಿ. ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೇನ್ ಮನೆಯಲ್ಲೇ ನುಂಗುವುದು ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ: ಕತ್ತಲೆಕಾನಿನ ರಾಂಪತ್ರೆ ಜಡ್ಡಿಯನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕು. ಅಲ್ಲೇ ಹತ್ತಿರ ಟೆಂಟ್ ಹಾಕಬಹುದೇ?
– ಜೀವಶಾಸ್ತ್ರ ಉಪನ್ಯಾಸಕರು, ಹೊನ್ನಾವರ

ಟೆಂಟ್ ಬೇಡ, ಹಗಲು ಹೋಗಿ ಬನ್ನಿ. ಜಾಗ ಅಭಯಾರಣ್ಯದ ಒಳಗಿದೆ, ಪರವಾನಗಿ ಪತ್ರವನ್ನು ಅರಣ್ಯ ಇಲಾಖೆಯಿಂದ ಮೊದಲೇ ಪಡೆಯಿರಿ. ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಮಕ್ಕಳನ್ನು ಒಯ್ಯಬೇಡಿ. ಮೂವತ್ತು ಜನರ ತರಗತಿಯಾದರೆ ಮೂರು ಗುಂಪು ಮಾಡಿ.

ಇಷ್ಟು ಬಿಗಿಯಾಗಿ ಹೇಳಲು ಕಾರಣ ಆ ಮರಗಳ ಬೇರು. ಬೇಸಿಗೆಯಲ್ಲೂ ಒರತೆ ನೀರು ನಿಧಾನವಾಗಿ ಹರಿಯುತ್ತಿರುವ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಹಾಗಾಗಿ ರಾಂಪತ್ರೆ ಜಾತಿಯ ಮರಗಳು ಬೇರನ್ನು ಮೇಲೆತ್ತಿ, ಮಂಡಿಯಂತೆ ಬಾಗಿಸಿ, ಮತ್ತೆ ಕೆಸರಿಗೆ ಇಳಿಸುತ್ತವೆ. ಉಸಿರಾಟ ನಡೆಯುವುದು ಆ ಬಾಗಿದ ಭಾಗದಿಂದ. ಮಕ್ಕಳು ಕೆಸರು ದಾಟಲು ಮೊದಲು ಕಾಲಿಡುವುದೂ ಅದರ ಮೇಲೆಯೇ. ತೊಗಟೆ ಸುಲಿದರೆ ಆ ಬೇರು ಕೊಳೆಯುತ್ತದೆ. ಅಂಚಿನ ಗಟ್ಟಿ ನೆಲದಿಂದಲೇ ತೋರಿಸಿ. ಬೀಜಗಳನ್ನು ಎತ್ತಿಕೊಳ್ಳಲು ಬಿಡಬೇಡಿ. ಇವು ಒಣಗಿದರೆ ಮೊಳೆಯದ ಬೀಜಗಳು, ಮಕ್ಕಳ ಚೀಲದಲ್ಲಿ ಒಣಗಿದರೆ ಮುಗಿಯಿತು. ಕಾಡಿನಲ್ಲಿ ಅವನ್ನು ಹೊತ್ತು ಹರಡುವ ಕೆಲಸ ಮಂಗಟ್ಟೆಗಳದು. 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂಬ ಮರಕ್ಕೆ 2000ದಲ್ಲಿ ಆ ಹೆಸರು ಬಂದದ್ದು ಇದೇ ಕಾನಿನಿಂದ. ಅದು ಉಳಿದಿರುವುದು ಕೆಲವೇ ಜಡ್ಡಿಗಳಲ್ಲಿ. ಗೇರಿನ ಕುಲದ ಮರ, ರಸ ತಾಗಿದರೆ ಚರ್ಮ ಸುಡಬಹುದು, ಎಲೆ ಮುರಿಯಬೇಡಿ ಎಂದು ಮೊದಲೇ ಹೇಳಿಡಿ.

ಡಿಸೆಂಬರ್ ತನಕವೂ ಅಲ್ಲಿ ಉಂಬಳ ಇರುತ್ತದೆ. ಸಾಕ್ಸಿಗೆ ನಶ್ಯದ ಪುಡಿ ಅಥವಾ ಉಪ್ಪು ಹಚ್ಚಿ. ಉಪ್ಪಿನ ಗಂಟು ಜಡ್ಡಿಯ ನೀರಿಗೆ ಬೀಳದಂತೆ ನೋಡಿಕೊಳ್ಳಿ, ಕಪ್ಪೆಗಳಿಗೆ ಕೆಟ್ಟದ್ದು.

ಪ್ರಶ್ನೆ: ಟೆಂಟಿನ ಗೂಟ ನಮ್ಮ ಚಿರೆಕಲ್ಲಿನ ನೆಲಕ್ಕೆ ಇಳಿಯುವುದೇ ಇಲ್ಲ, ಕಡಲ ಮರಳಿನಲ್ಲಿ ನಿಲ್ಲುವುದೇ ಇಲ್ಲ. ಬೆಳಿಗ್ಗೆ ಒಳಗೆಲ್ಲ ನೀರು. ಏನು ಮಾಡಬೇಕು?
– ಬ್ಯಾಂಕ್ ಉದ್ಯೋಗಿ, ಕಾರವಾರ

ಟೆಂಟಿನ ಜೊತೆ ಬರುವ ಅಲ್ಯೂಮಿನಿಯಂ ಗೂಟ ಚಿರೆಕಲ್ಲಿಗೆ ಬಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ 8 ಇಂಚಿನ ದಪ್ಪ ಕಬ್ಬಿಣದ ಮೊಳೆ ಹನ್ನೆರಡು, ತಲೆಗೆ ಹಾಕಲು ವಾಷರ್ ಹನ್ನೆರಡು ತನ್ನಿ. ಸುತ್ತಿಗೆಯಿಂದ, ಟೆಂಟಿನ ಆಚೆ ಕಡೆಗೆ ತಲೆ ವಾಲುವಂತೆ ಓರೆಯಾಗಿ ಹೊಡೆಯಿರಿ. ಅದೂ ಇಳಿಯದ ಬಂಡೆಯಾದರೆ ತೆಂಗಿನ ಕಾಯಿ ಗಾತ್ರದ ಕಲ್ಲಿಗೆ ಹಗ್ಗ ಕಟ್ಟಿ, ಅದರ ಮೇಲೆ ಎರಡು ಪಟ್ಟು ದೊಡ್ಡ ಕಲ್ಲು ಹೇರಿ.

ಮರಳಿನಲ್ಲಿ ಗೂಟವನ್ನೇ ಮರೆಯಿರಿ. ಗಟ್ಟಿ ಬಟ್ಟೆಯ ಚೀಲಕ್ಕೆ 3–4 ಕಿಲೊ ಮರಳು ತುಂಬಿ ಬಾಯಿ ಬಿಗಿದು, ಹಗ್ಗ ಕಟ್ಟಿ, ಒಂದಡಿಗಿಂತ ಆಳದ ಗುಂಡಿಯಲ್ಲಿ ಹೂತು ತುಳಿದು ಗಟ್ಟಿ ಮಾಡಿ. ನಾಲ್ಕು ಮೂಲೆಗೆ ನಾಲ್ಕು, ಗಾಳಿ ಬರುವ ಕಡೆ ಹೆಚ್ಚಿನ ಎರಡು. ಬಾಗಿಲನ್ನು ಕಡಲಿಗೆ ಮುಖ ಮಾಡಬೇಡಿ. ಮಧ್ಯಾಹ್ನದ ನಂತರದ ಕಡಲಗಾಳಿ ಟೆಂಟನ್ನು ಚೀಲದಂತೆ ಉಬ್ಬಿಸಿ ಎತ್ತುತ್ತದೆ.

ಒಳಗಿನ ನೀರು ಸೋರಿದ್ದಲ್ಲ, ಹೆಚ್ಚಾಗಿ ನಿಮ್ಮದೇ ಉಸಿರು. ಚಳಿಗಾಲದ ರಾತ್ರಿ ಒಂದೇ ಪದರದ ಟೆಂಟ್ ತಣ್ಣಗಾದಾಗ ಉಸಿರಿನ ತೇವ ಅದರ ಒಳಮೈಗೆ ಕಟ್ಟುತ್ತದೆ. ಎರಡು ಪದರದ ಟೆಂಟ್ ಕೊಳ್ಳಿ, ಎರಡರ ನಡುವೆ ಕೈ ಹೋಗುವಷ್ಟು ಬಿಡುವಿರುವಂತೆ ಹೊರಪದರವನ್ನು ಬಿಗಿಯಿರಿ, ಮೇಲಿನ ಕಿಂಡಿಗಳನ್ನು ಚಳಿಯೆಂದು ಮುಚ್ಚಬೇಡಿ. ಅಡಿಗೆ ಹಾಸುವ ತಾಡಪಾಲು ಟೆಂಟಿನ ತಳಕ್ಕಿಂತ ಎಲ್ಲ ಕಡೆ ನಾಲ್ಕು ಬೆರಳು ಒಳಗಿರಬೇಕು. ಹೊರಗೆ ಚಾಚಿದ್ದರೆ ಇಬ್ಬನಿ ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನಡಿಗೆ ಹರಿಯುತ್ತದೆ.

ಕಡಲ ದಂಡೆ ಎಂದದ್ದಕ್ಕೆ ಇನ್ನೊಂದು. ಚಳಿಗಾಲದಿಂದ ಮಾರ್ಚ್ ತನಕ ನಮ್ಮ ಹಲವು ದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬೆಳಕು, ಬೆಂಕಿ, ಜನ ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ತಿರುಗಿಹೋಗುತ್ತದೆ. ಮರಿಗಳು ಬೆಳಕಿನ ಕಡೆಗೆ ದಾರಿ ತಪ್ಪುತ್ತವೆ. ಆ ತಿಂಗಳುಗಳಲ್ಲಿ ಮರಳಿನ ಮೇಲೆ ಟೆಂಟ್ ಬೇಡ, ಗಾಳಿಮರಗಳ ಆಚೆ ಯಾರದಾದರೂ ಹಿತ್ತಲಲ್ಲಿ ಕೇಳಿ ಹಾಕಿ. ಹುಣ್ಣಿಮೆ, ಅಮಾವಾಸ್ಯೆಯ ಭರತ (ಕಡಲಿನ ಉಬ್ಬರ) ಬಹಳ ಮೇಲೆ ಬರುತ್ತದೆ ಎನ್ನುವುದೂ ಅದಕ್ಕೆ ಸೇರಿದ ಮಾತು.

ಪ್ರಶ್ನೆ: ಅಡುಗೆ, ಔಷಧಿ ಪಟ್ಟಿ ಕೊಡಿ. ಹಾವಿನ ಭಯಕ್ಕೆ ಏನಾದರೂ ಒಯ್ಯಬೇಕೇ?
– ಅಂಕೋಲಾದ ಓದುಗರು

ಎಂಟು ಜನರ ಮೂರು ಊಟಕ್ಕೆ ಎರಡೂವರೆ ಕಿಲೊ ಅಕ್ಕಿ, ಎರಡು ಬೆಳಗಿಗೆ ಒಂದು ಕಿಲೊ ಅವಲಕ್ಕಿ ಸಾಕು. ಬೇಳೆ ಬೇಯಿಸುವ ಬದಲು ತಂಬುಳಿ, ಅಪ್ಪೆಹುಳಿ ಮಾಡಿದರೆ ಗ್ಯಾಸ್ ಉಳಿಯುತ್ತದೆ. ಮಜ್ಜಿಗೆ ಮೊದಲ ದಿನಕ್ಕಷ್ಟೇ, ಅಪ್ಪೆಮಿಡಿ ಎರಡನೇ ದಿನಕ್ಕೆ. ಚಿಕ್ಕ ಡಬ್ಬಿಗಳಿಗಿಂತ 5 ಕಿಲೊ ಸಿಲಿಂಡರ್ ಅಗ್ಗ ಮತ್ತು ಭದ್ರ. ಒಲೆಯ ಸುತ್ತ ಆರಡಿ ದರಕು ಗುಡಿಸಿ, ಒಂದು ಬಕೆಟ್ ನೀರು ಪಕ್ಕದಲ್ಲಿಡಿ. ಟೆಂಟಿನ ಒಳಗೆ ಒಲೆ ಹಚ್ಚಲೇಬೇಡಿ. ಬೆಂಕಿಯ ಜೊತೆಗೆ ವಿಷಾನಿಲದ ಅಪಾಯವೂ ಇದೆ.

ಔಷಧಿ: ಓ.ಆರ್.ಎಸ್. ಹತ್ತು ಪೊಟ್ಟಣ, ಪ್ಯಾರಾಸಿಟಮಾಲ್, ಅಲರ್ಜಿಯ ಮಾತ್ರೆ, ಚಿಮಟ, ಗಾಯದ ಪಟ್ಟಿ, ಅಗಲದ ಬ್ಯಾಂಡೇಜ್ ನಾಲ್ಕು, ನಿಮ್ಮ ನಿತ್ಯದ ಔಷಧಿ ಎರಡು ದಿನ ಹೆಚ್ಚು.

ಹಾವಿಗೆ ಒಯ್ಯಬೇಕಾದದ್ದು ಒಳ್ಳೆಯ ಟಾರ್ಚ್ ಮತ್ತು ಕಣಕಾಲು ಮುಚ್ಚುವ ಬೂಟು. ಬೆಳ್ಳುಳ್ಳಿ, ಫಿನಾಯಿಲ್ ಸುತ್ತ ಹಾಕಿ ಉಪಯೋಗವಿಲ್ಲ. ಟೆಂಟಿನ ಜಿಪ್ಪು ಸದಾ ಹಾಕಿರಲಿ, ಬೂಟನ್ನು ಒಳಗಿಟ್ಟು ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಚೀಪಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ, ಕಚ್ಚಿದ ಕೈ ಅಥವಾ ಕಾಲಿಗೆ ಕೋಲು ಕಟ್ಟಿ ಅಲುಗಾಡದಂತೆ ಮಾಡಿ, ನಡೆಸದೆ ಹೊತ್ತು ಗಾಡಿಗೆ ತನ್ನಿ. ಹಾವು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿ ಇದೆ ಎಂದು ಹೊರಡುವ ಹಿಂದಿನ ದಿನ ಫೋನ್ ಮಾಡಿ ಖಚಿತಪಡಿಸಿಕೊಂಡು, ಅಲ್ಲಿಗೆ ಎಷ್ಟು ತಾಸಿನ ದಾರಿ ಎಂದು ಕಾಗದದ ಮೇಲೆ ಬರೆದಿಡಿ. ಜೊಯಿಡಾ, ಸಿದ್ದಾಪುರದ ಎಷ್ಟೋ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಸಿಗ್ನಲ್ ಸಿಗುವ ತಿರುವು ಎಲ್ಲಿದೆ ಎಂದು ಬರುವಾಗಲೇ ಗುರುತು ಮಾಡಿಕೊಳ್ಳಿ. ಆಂಬುಲೆನ್ಸಿಗೆ 108, ಅರಣ್ಯ ಇಲಾಖೆಯ ಸಹಾಯವಾಣಿಗೆ 1926. ಗಾಡಿಯನ್ನು ಹೊರಮುಖವಾಗಿ ನಿಲ್ಲಿಸಿ, ಕೀಲಿ ಎಲ್ಲಿದೆ ಎಂದು ಗಾಡಿ ಓಡಿಸಬಲ್ಲ ಇನ್ನೊಬ್ಬರಿಗೂ ಗೊತ್ತಿರಲಿ.